ವಾಕ್ ದೋಷವುಳ್ಳವರಿಗೆ ಧ್ವನಿ ಗುರುತಿಸುವ ತಂತ್ರಾಂಶ ಹಾಗೂ ಲಭ್ಯ ಸೌಲಭ್ಯಗಳು

ಅನ್ವಯಿಸುವ ತಾಲ್ಲೂಕುಗಳು: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ

1. ಪೀಠಿಕೆ
ಆಡಿದ ಮಾತನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶವು ಈಗ ಕನ್ನಡದಲ್ಲಿಯೂ ಲಭ್ಯವಿದೆ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಭಾಷಿಣಿ ವೇದಿಕೆಯು ಇದಕ್ಕೆ ಒಂದು ಉದಾಹರಣೆ. ಪಾರ್ಶ್ವವಾಯು, ಮಿದುಳಿನ ಪಕ್ಷವಾತ ಅಥವಾ ತೊದಲುವಿಕೆಯಿಂದ ಮಾತು ಅಸ್ಪಷ್ಟವಾಗಿರುವವರಿಗೆ ಇದು ನೆರವಾಗಬಹುದಾದರೂ ಮಿತಿಗಳಿವೆ.

2. ತಂತ್ರಾಂಶದ ಮಿತಿ
ಇಂತಹ ತಂತ್ರಾಂಶವು ಬಹುಮಟ್ಟಿಗೆ ದೋಷರಹಿತ ಮಾತಿನ ಧ್ವನಿಮುದ್ರಣಗಳಿಂದ ಕಲಿತಿರುತ್ತದೆ. ಕನ್ನಡದಲ್ಲಿ ಹಾಲು, ಹಾಳು, ಹಲ್ಲು ಎಂಬ ಪದಗಳ ಅರ್ಥವು ಸ್ವರದ ದೀರ್ಘತೆ ಹಾಗೂ ನಾಲಿಗೆಯ ಸ್ಥಾನವನ್ನು ಅವಲಂಬಿಸಿದೆ. ಇವು ವ್ಯತ್ಯಾಸವಾದಲ್ಲಿ ಯಂತ್ರವು ತಪ್ಪು ಪದವನ್ನು ಬರೆಯುತ್ತದೆ. ಆದುದರಿಂದ ಧ್ವನಿಯ ಮೂಲಕ ಅರ್ಜಿ ಭರ್ತಿ ಮಾಡಿದವರು ಹೆಸರು, ವಿಳಾಸ ಮತ್ತು ಸಂಖ್ಯೆಗಳನ್ನು ಮತ್ತೊಬ್ಬರಿಂದ ಓದಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಅಸ್ಪಷ್ಟ ಮಾತನ್ನೂ ಗುರುತಿಸುವ ಉದ್ದೇಶದಿಂದ ಗೂಗಲ್ ಸಂಸ್ಥೆಯು 2019ರಲ್ಲಿ ಯೂಫೋನಿಯಾ ಎಂಬ ಸಂಶೋಧನಾ ಯೋಜನೆಯನ್ನು ಪ್ರಕಟಿಸಿತು.

3. ತಪಾಸಣೆ
ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪನೆಯಾಗಿದ್ದು, ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದಲ್ಲಿದೆ. ಇಲ್ಲಿ ವಾಕ್ ಮತ್ತು ಶ್ರವಣ ತಪಾಸಣೆ ಹಾಗೂ ವಾಕ್ ಚಿಕಿತ್ಸೆ ದೊರೆಯುತ್ತದೆ. ಮಾತು ತಡವಾದ ಮಕ್ಕಳಿಗೆ ಮೊದಲು ಶ್ರವಣ ಪರೀಕ್ಷೆ ಮಾಡಿಸುವುದು ಅವಶ್ಯಕ. ಹಾಡಿಗಳ ಜೇನುಕುರುಬ ಮೊದಲಾದ ಕುಟುಂಬಗಳು ಮನೆಮಾತನ್ನು ಚಿಕಿತ್ಸಕರಿಗೆ ತಿಳಿಸತಕ್ಕದ್ದು. ಆಡುಮಾತಿನ ಭಿನ್ನತೆಯು ದೋಷವಲ್ಲ.

4. ಗುರುತಿನ ಚೀಟಿ
ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಅನುಸೂಚಿಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವು ಸೇರಿದೆ. ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿರುವುದು ಅಥವಾ ಮಿದುಳಿನ ಹಾನಿಯಿಂದ ಭಾಷಾಶಕ್ತಿ ಕುಂದಿರುವುದು ಮುಂತಾದ ಕಾರಣಗಳಿಂದ ಉಂಟಾದ ಶಾಶ್ವತ ವೈಕಲ್ಯಕ್ಕೆ ಇದು ಅನ್ವಯಿಸುತ್ತದೆ.

ಅರ್ಜಿ ಸಲ್ಲಿಸುವ ವಿಧಾನ:
ಅ) ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಆಧಾರ್, ವಿಳಾಸದ ದಾಖಲೆ ಮತ್ತು ಭಾವಚಿತ್ರದೊಂದಿಗೆ ಅರ್ಜಿ ಸಲ್ಲಿಸುವುದು.
ಆ) ಸೂಚಿಸಿದ ದಿನದಂದು ವೈದ್ಯಕೀಯ ತಪಾಸಣೆಗೆ ಹಳೆಯ ಚಿಕಿತ್ಸಾ ದಾಖಲೆಗಳೊಂದಿಗೆ ಹಾಜರಾಗುವುದು.
ಇ) ನೆರವು ಬೇಕಾದಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸುವುದು.

5. ವಿಶೇಷ ಸೂಚನೆ
ಮೊಬೈಲ್ ತಂತ್ರಾಂಶವು ಮಾತನ್ನು ಗುರುತಿಸಿತು ಅಥವಾ ಗುರುತಿಸಲಿಲ್ಲ ಎಂಬುದು ವೈಕಲ್ಯದ ಪ್ರಮಾಣಕ್ಕೆ ಆಧಾರವಾಗುವುದಿಲ್ಲ. ಪ್ರಮಾಣವನ್ನು ನಿರ್ಧರಿಸುವವರು ಅಧಿಕೃತ ವೈದ್ಯಕೀಯ ಪ್ರಾಧಿಕಾರದವರು ಮಾತ್ರ. ಸದರಿ ನಿರ್ಧಾರವು ಸಮ್ಮತವಾಗದಿದ್ದಲ್ಲಿ ಅಧಿನಿಯಮದ ಕಲಂ 59ರನ್ವಯ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.