ನೈರೋಬಿಯಲ್ಲಿ ಒಂದು ದಿನದ ನೂಲು ಖರೀದಿ: ಉಣ್ಣೆಯ ಎಳೆ ಹಿಡಿದು ಕಂಡ ಇತಿಹಾಸ

ನೈರೋಬಿಯ ಜುಲೈ ತಿಂಗಳ ಚಳಿಯನ್ನು ಊರಿನ ಬಂಧುಗಳಿಗೆ ನಂಬಿಸುವುದು ಕಷ್ಟ. ಆಫ್ರಿಕವೆಂದರೆ ಬಿಸಿಲೆಂದೇ ಅವರ ಎಣಿಕೆ. ಆದರೆ ಭೂಮಧ್ಯರೇಖೆಗೆ ಇಷ್ಟು ಸಮೀಪವಿದ್ದರೂ ನಮ್ಮ ಈ ನಗರ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಮಸಾಯಿ ಜನರು ಇದಕ್ಕಿಟ್ಟ ಹೆಸರಿನ ಅರ್ಥವೇ ತಣ್ಣೀರಿನ ತಾಣ. ಈ ಚಳಿಗಾಲದಲ್ಲಿ ಹೆರಿಗೆ ಆಸ್ಪತ್ರೆಯೊಂದರ ನವಜಾತ ಶಿಶುಗಳಿಗೆ ಟೋಪಿ, ಹೊದಿಕೆಗಳನ್ನು ಹೆಣೆದು ಕೊಡಬೇಕೆಂದು ನಮ್ಮ ಸಂಘದ ಮಹಿಳೆಯರು ನಿಶ್ಚಯಿಸಿದರು. ಅದಕ್ಕೆ ನೂಲು ಬೇಕಾಯಿತು. ಒಂದು ಶನಿವಾರ ಐವರು ಹೊರಟರು. ಚೀಲ ಹೊರಲೆಂದು ನಾನೂ ಜೊತೆಗೂಡಿದೆ. ಮನೆಗೆ ಮರಳಿದಾಗ ಕೈಯಲ್ಲಿದ್ದ ಚೀಲಕ್ಕಿಂತ ತಲೆಯಲ್ಲಿದ್ದ ವಿಚಾರಗಳ ಭಾರವೇ ಹೆಚ್ಚಾಗಿತ್ತು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಬಜಾರಿನಿಂದ ಬಿಯಾಶರಾಕ್ಕೆ

ಮೊದಲು ಹೋದದ್ದು ಬಿಯಾಶರಾ ಬೀದಿಗೆ. ಸ್ವಾಹಿಲಿಯಲ್ಲಿ ಬಿಯಾಶರಾ ಎಂದರೆ ವ್ಯಾಪಾರ. ಸ್ವಾತಂತ್ರ್ಯಕ್ಕೆ ಮೊದಲು ಇದರ ಹೆಸರು ಬಜಾರ್ ಸ್ಟ್ರೀಟ್. ಬಟ್ಟೆ, ಕಾಂಗಾ, ಕಂದಮ್ಮಗಳ ಉಡುಪು, ಹೆಣಿಗೆಯ ನೂಲು ಇವೆಲ್ಲಕ್ಕೂ ಇಂದಿಗೂ ಜನ ಇಲ್ಲಿಗೇ ಬರುತ್ತಾರೆ.

ಈ ನಗರ ಹುಟ್ಟಿದ್ದು ರೈಲಿನಿಂದ. 1896ರಲ್ಲಿ ಮೊಂಬಾಸಾದಲ್ಲಿ ಆರಂಭವಾದ ಯುಗಾಂಡಾ ರೈಲುಮಾರ್ಗವು 1899ರ ಮೇ ತಿಂಗಳ ಕೊನೆಗೆ ನೈರೋಬಿಯನ್ನು ತಲುಪಿತು. ಅದರ ನಿರ್ಮಾಣಕ್ಕೆ ಭಾರತದಿಂದ ಕರಾರಿನ ಮೇಲೆ ಸುಮಾರು 32,000 ಕೂಲಿಕಾರರನ್ನು ತರಲಾಯಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಮಂದಿ ಇಲ್ಲಿಯೇ ಮಡಿದರು. ಹಳಿಯ ಬೆನ್ನಿಗೇ ಗುಜರಾತಿ, ಕಚ್ಛಿ ವರ್ತಕರು ಬಂದು ತಗಡಿನ ಅಂಗಡಿಗಳನ್ನು ತೆರೆದರು. 1902ರಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಅಧಿಕಾರಿಗಳು ಆ ಭಾರತೀಯ ಬಜಾರಿಗೆ ಬೆಂಕಿ ಇಡಿಸಿದರು. ಸುಟ್ಟ ಬಜಾರು ಮತ್ತೆ ಎದ್ದುನಿಂತಿತು. ನಾವು ನಿಂತು ಚೌಕಾಸಿ ಮಾಡುತ್ತಿದ್ದ ಬೀದಿಗೆ ಅಂಥ ಪೂರ್ವಜರಿದ್ದಾರೆ.

ಅಂಗಡಿಯಲ್ಲಿ ಬಣ್ಣಬಣ್ಣದ ಅಕ್ರಿಲಿಕ್ ನೂಲಿನುಂಡೆಗಳು ಮಾಡಿನವರೆಗೆ ಪೇರಿಸಿದ್ದವು. ಕೆನ್ಯಾದ ಶಾಲಾಮಕ್ಕಳ ಸಮವಸ್ತ್ರದಲ್ಲಿ ಸ್ವೆಟರಿಗೆ ಪ್ರಮುಖ ಸ್ಥಾನವಿದೆ. ಕಡುನೀಲಿ, ಕಡುಗೆಂಪು, ಕಡುಹಸಿರು ನೂಲುಗಳೇ ಹೆಚ್ಚಾಗಿ ಮಾರಾಟವಾಗುವುದು ಆ ಕಾರಣಕ್ಕೆ. ಸಣ್ಣಪುಟ್ಟ ಕೊಠಡಿಗಳಲ್ಲಿ ಕೈಯಂತ್ರ ಇಟ್ಟುಕೊಂಡು ಸ್ವೆಟರು ಹೆಣೆದು ಸಂಸಾರ ನಡೆಸುವ ಮಹಿಳೆಯರು ಈ ನಗರದಲ್ಲಿ ಅನೇಕರಿದ್ದಾರೆ. ನಮ್ಮವರು ಉಂಡೆಗಳ ಚೀಟಿಯ ಮೇಲಿನ ಬಣ್ಣದ ಸಂಖ್ಯೆಯನ್ನು ಒಂದೊಂದಾಗಿ ಹೋಲಿಸಿ ನೋಡಿದರು. ಒಂದೇ ಸಲ ಬಣ್ಣ ಹಾಕಿದ ನೂಲಲ್ಲದಿದ್ದರೆ ಹೆಣೆದ ಮೇಲೆ ಹೊದಿಕೆಯಲ್ಲಿ ಪಟ್ಟೆ ಎದ್ದು ಕಾಣುವುದಂತೆ.

ಕುರಿಯ ಹಿಂದಿನ ನೆಲ

ಮಧ್ಯಾಹ್ನ ನಗರದ ಹೊರವಲಯದ ಶಾಲೆಯೊಂದರ ಮೈದಾನದಲ್ಲಿ ನಡೆಯುತ್ತಿದ್ದ ಕರಕುಶಲ ಮೇಳಕ್ಕೆ ಹೋದೆವು. ಅಲ್ಲಿ ಕಿಯೊಂಡೊ ಬುಟ್ಟಿಗಳ ಸಾಲೇ ಇತ್ತು. ಕಿಕುಯು ಮತ್ತು ಕಂಬಾ ಮಹಿಳೆಯರು ಕತ್ತಾಳೆಯ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿ ಈ ಬುಟ್ಟಿಗಳನ್ನು ಹೆಣೆಯುತ್ತಾರೆ. ಹಿಂದೆ ಕಾಡುಗಿಡಗಳ ನಾರನ್ನೇ ಬಳಸುತ್ತಿದ್ದರು. ಕತ್ತಾಳೆಯ ತೋಟಗಳು ಈ ನಾಡಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ನೆರೆಯ ಜರ್ಮನ್ ವಸಾಹತಿನ ಮೂಲಕ. ಈಗ ಬಣ್ಣಕ್ಕೆಂದು ಉಣ್ಣೆಯ, ಅಕ್ರಿಲಿಕ್‌ನ ಎಳೆಗಳೂ ಬುಟ್ಟಿಯೊಳಗೆ ಸೇರಿವೆ.

ಮೂಲೆಯ ಮಳಿಗೆಯೊಂದರಲ್ಲಿ ನನ್ಯುಕಿ ಕಡೆಯಿಂದ ಬಂದ ಕೈನೂಲಿನ ಉಣ್ಣೆಯಿತ್ತು. ಚಿತ್ರದುರ್ಗ ಜಿಲ್ಲೆಯವರಾದ ನಮ್ಮ ದೊಡ್ಡಮ್ಮ ಅದನ್ನು ಬೆರಳಲ್ಲಿ ಹೊಸೆದು ನೋಡಿ, "ಇದು ನಮ್ಮೂರ ಕಂಬ್ಳಿ ಉಣ್ಣೆ ಇದ್ದಂಗೈತಲ್ಲಪ್ಪ!" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಚಳ್ಳಕೆರೆಯ ಸುತ್ತಮುತ್ತ ಕುರುಬರು ದಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸಿಗೆ ಹುಣಸೆಬೀಜದ ಗಂಜಿ ಕುಡಿಸಿ, ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಮಳೆಗೂ ಚಳಿಗೂ ಅದು ಆಸರೆ. ಬೀರಪ್ಪನ ಪೂಜೆಗೂ ಅದೇ ಗದ್ದುಗೆ. ಆದರೆ ಮೈಗೆ ತಾಗುವ ಸ್ವೆಟರಿಗೆ ಆ ಒರಟು ಉಣ್ಣೆ ಒಗ್ಗದು.

ಕೆನ್ಯಾದಲ್ಲಿ ಮೆತ್ತನೆಯ ಉಣ್ಣೆಯನ್ನು ಬೆಳೆಯುವ ಕನಸು ಕಂಡವರಲ್ಲಿ ಲಾರ್ಡ್ ಡೆಲಮಿಯರ್ ಪ್ರಮುಖ. 1903ರಲ್ಲಿ ನ್ಜೋರೊದಲ್ಲಿ ಸುಮಾರು ಒಂದು ಲಕ್ಷ ಎಕರೆ ಭೂಮಿಯನ್ನು ಗುತ್ತಿಗೆಗೆ ಪಡೆದು, ಹೊರದೇಶದ ಮೆರಿನೊ ತಳಿಯನ್ನು ಮಸಾಯಿ ಕುರಿಗಳೊಡನೆ ಬೆರೆಸತೊಡಗಿದ. ಅಲ್ಲಿನ ಹುಲ್ಲಿನಲ್ಲಿ ಖನಿಜಾಂಶಗಳ ಕೊರತೆಯಿದ್ದುದರಿಂದ ಕುರಿಗಳು ಸೊರಗಿ ಸತ್ತವು. ಆ ಹುಲ್ಲುಗಾವಲು ಮಸಾಯಿ ಜನರಿಗೆ ಪರಿಚಿತವಾದದ್ದು. ಅದರ ಗುಣದೋಷಗಳನ್ನು ಅವರು ತಲೆಮಾರುಗಳಿಂದ ಬಲ್ಲರು. ಆದರೆ 1904ರ ಒಪ್ಪಂದದಲ್ಲಿ ಅವರನ್ನು ರಿಫ್ಟ್ ಕಣಿವೆಯಿಂದ, 1911ರ ಒಪ್ಪಂದದಲ್ಲಿ ಲೈಕಿಪಿಯಾದಿಂದಲೂ ತೆರವುಗೊಳಿಸಲಾಯಿತು. ದೊಡ್ಡಮ್ಮನ ಕೈಯಲ್ಲಿದ್ದ ಉಣ್ಣೆ ಬಂದದ್ದು ಆ ಸೀಮೆಯ ಕಡೆಯಿಂದಲೇ.

ಕಂದಕ ಮತ್ತು ಹೆಣಿಗೆಕಡ್ಡಿ

ಉಣ್ಣೆ ಮಾರುತ್ತಿದ್ದ ಮಧ್ಯವಯಸ್ಸಿನ ಕಿಕುಯು ಮಹಿಳೆ ನಮ್ಮೊಡನೆ ಮಾತನಾಡುತ್ತಲೇ ಕಡ್ಡಿಯತ್ತ ನೋಡದೆ ಹೆಣೆಯುತ್ತಿದ್ದರು. ಕಲಿಸಿದವರಾರೆಂದು ಕೇಳಿದೆವು. "ಶೋಶೋ," ಎಂದರು, ಎಂದರೆ ಅಜ್ಜಿ. "ಅವಳು ಕಲಿತದ್ದು ಎಮರ್ಜೆನ್ಸಿಯ ಹಳ್ಳಿಯಲ್ಲಿ. ಕ್ಲಬ್ಬಿಗೆ ಸೇರಿದರೆ ಕಂದಕ ತೋಡುವುದು ತಪ್ಪುತ್ತಿತ್ತು."

ಈ ಒಂದು ಮಾತಿನ ಹಿಂದೆ ಒಂದು ದಶಕದ ಇತಿಹಾಸವಿದೆ. 1952ರ ಅಕ್ಟೋಬರಿನಲ್ಲಿ ಮಾವ್ ಮಾವ್ ಹೋರಾಟವನ್ನು ಅಡಗಿಸಲು ಬ್ರಿಟಿಷ್ ಸರ್ಕಾರ ತುರ್ತುಪರಿಸ್ಥಿತಿಯನ್ನು ಘೋಷಿಸಿತು. 1954ರಿಂದ ಸುಮಾರು ಹತ್ತು ಲಕ್ಷ ಜನರನ್ನು ಮನೆಮಾರುಗಳಿಂದ ಎಬ್ಬಿಸಿ, ಬೇಲಿ ಹಾಕಿದ 800ಕ್ಕೂ ಹೆಚ್ಚು ಹೊಸ ಹಳ್ಳಿಗಳಲ್ಲಿ ತುಂಬಿತು. ಗಂಡಸರಲ್ಲಿ ಅನೇಕರು ಬಂಧನ ಶಿಬಿರಗಳಲ್ಲಿದ್ದರು, ಇಲ್ಲವೇ ಕಾಡಿನಲ್ಲಿದ್ದರು. ಹೋರಾಟಗಾರರಿಗೆ ಆಹಾರ ತಲುಪದಂತೆ ಕೆನ್ಯಾ ಪರ್ವತದ ಕಾಡಿನಂಚಿನಲ್ಲಿ 50 ಮೈಲಿ ಉದ್ದದ ಕಂದಕವನ್ನು ತೋಡಿಸಲಾಯಿತು. ತೋಡಿದವರಲ್ಲಿ ಹೆಂಗಸರೇ ಹೆಚ್ಚು. ಅದು ಕೂಲಿಯಿಲ್ಲದ ಬಿಟ್ಟಿ ದುಡಿಮೆ.

ಅದೇ 1952ರಲ್ಲಿ ಸರ್ಕಾರದ ಆಶ್ರಯದಲ್ಲಿ ಮಹಿಳೆಯರ ಪ್ರಗತಿ ಎಂಬ ಅರ್ಥದ ಹೆಸರಿನ 'ಮಾಯೆಂದೆಲೆಯೊ ಯಾ ವನಾವಕೆ' ಸಂಸ್ಥೆ ಸ್ಥಾಪನೆಯಾಯಿತು. ಅದರ ಕ್ಲಬ್ಬುಗಳಲ್ಲಿ ಹೊಲಿಗೆ, ಹೆಣಿಗೆ, ಅಡುಗೆ, ಶಿಶುಪಾಲನೆಯನ್ನು ಕಲಿಸುತ್ತಿದ್ದರು. 1954ರ ಹೊತ್ತಿಗೆ 500ರ ಆಸುಪಾಸಿನಲ್ಲಿ ಕ್ಲಬ್ಬುಗಳಿದ್ದವು. ಹಲವೆಡೆ ಸದಸ್ಯೆಯರಿಗೆ ಬಿಟ್ಟಿ ದುಡಿಮೆಯಿಂದ ವಿನಾಯಿತಿ ದೊರೆಯುತ್ತಿತ್ತು. ಹೋರಾಟದಿಂದ ಹೆಂಗಸರನ್ನು ದೂರ ಸೆಳೆಯುವುದೇ ಇದರ ಉದ್ದೇಶವಾಗಿತ್ತು. ಹೆಣಿಗೆಕಡ್ಡಿ ಹೀಗೆ ಆಳ್ವಿಕೆಯ ಒಂದು ಉಪಕರಣವಾಯಿತು.

ಅದೇ ನೂಲು, ಬೇರೆ ದಾರಿ

ಇದನ್ನು ಕೇಳುತ್ತಿದ್ದಂತೆ ಕನ್ನಡಿಗನಾದ ನನಗೆ ಬೆಳಗಾವಿ ನೆನಪಾಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರು ಅದರ ವ್ಯವಸ್ಥೆಗೆ ಹೆಗಲು ಕೊಟ್ಟರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದೂ ಅಲ್ಲಿಯೇ. ಸದಸ್ಯತ್ವದ ಚಂದಾ ಹಣದ ರೂಪದಲ್ಲಿರದೆ ತಿಂಗಳಿಗೆ 2,000 ಗಜ ಕೈನೂಲಿನ ರೂಪದಲ್ಲಿರಬೇಕೆಂದು ಆ ಅಧಿವೇಶನ ಒಪ್ಪಿತು. ನೂಲಲು ಒಲ್ಲದವರು ಬೇರೆಯವರು ನೂತದ್ದನ್ನು ಕೊಡಲು ಅವಕಾಶವಿತ್ತು. ಆದರೂ ನಿಯಮ ಬಹುಕಾಲ ನಿಲ್ಲಲಿಲ್ಲ. 1925ರಲ್ಲಿಯೇ ಹಣದ ಚಂದಾ ಮರಳಿ ಬಂದಿತು. ಅದೇ 1924ರ ಜನವರಿಯಲ್ಲಿ ಸರೋಜಿನಿ ನಾಯ್ಡು ಮೊಂಬಾಸಾಕ್ಕೆ ಬಂದು ಪೂರ್ವ ಆಫ್ರಿಕದ ಭಾರತೀಯರ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದರು. ಗಾಂಧೀಜಿಯವರ ನಂತರ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದವರೂ ಅವರೇ.

ನಮ್ಮಲ್ಲಿ ನೂಲು ಸ್ವಾತಂತ್ರ್ಯದ ಕಾಣಿಕೆಯಾಯಿತು; ಇಲ್ಲಿ ಅದು ಕಂದಕದಿಂದ ಪಾರಾಗುವ ಚೀಟಿಯಾಯಿತು. ಹೀಗೆ ಹೋಲಿಸಿ, ಆ ಅಜ್ಜಿ ಆಳುವವರಿಗೆ ಮಣಿದಳೆಂದು ತೀರ್ಪು ಕೊಡುವುದು ಸುಲಭ. ಮೊಮ್ಮಗಳ ಮುಂದಿನ ಮಾತು ನನ್ನನ್ನು ತಡೆಯಿತು. ಸ್ವಾತಂತ್ರ್ಯ ಬಂದ ಮೇಲೆ ಆ ಅಜ್ಜಿ ಶಾಲಾ ಸ್ವೆಟರುಗಳನ್ನು ಹೆಣೆದು ಮಾರಿ, ಅದೇ ಹಣದಿಂದ ಐದು ಮಕ್ಕಳ ಶಾಲಾ ಶುಲ್ಕವನ್ನು ಕಟ್ಟಿದಳಂತೆ. ವಿದ್ಯೆಯನ್ನು ಕೊಟ್ಟವರ ಉದ್ದೇಶ ಒಂದು. ಪಡೆದವರು ಅದನ್ನು ನಡೆಸಿಕೊಂಡ ಬಗೆ ಇನ್ನೊಂದು. ಮಾಯೆಂದೆಲೆಯೊ ಸಂಸ್ಥೆಯೂ ಕಾಲಾನಂತರ ಆಫ್ರಿಕನ್ ಮಹಿಳೆಯರ ನಾಯಕತ್ವಕ್ಕೆ ಬಂದು, ದೇಶದ ಅತಿದೊಡ್ಡ ಮಹಿಳಾ ಸಂಘಟನೆಗಳಲ್ಲಿ ಒಂದಾಗಿ ಬೆಳೆಯಿತು.

ಕೊನೆಗೆ ಕೊಂಡದ್ದು

ಯಾವ ನೂಲೆಂಬ ಚರ್ಚೆ ಮಾತ್ರ ಮುಗಿದಿರಲಿಲ್ಲ. ಉಣ್ಣೆ ತೇವದಲ್ಲಿಯೂ ಬೆಚ್ಚಗಿಡುತ್ತದೆ. ಆದರೆ ಎಳೆಯ ಚರ್ಮಕ್ಕೆ ಚುಚ್ಚುತ್ತದೆ, ಬಿಸಿನೀರಿನಲ್ಲಿ ಒಗೆದರೆ ಕುಗ್ಗುತ್ತದೆ. ಆಸ್ಪತ್ರೆಯ ಬಟ್ಟೆಯನ್ನು ಮತ್ತೆಮತ್ತೆ ಒಗೆಯಲೇಬೇಕು. ಆದ್ದರಿಂದ ಶಿಶುಗಳಿಗೆ ಬಿಯಾಶರಾ ಬೀದಿಯ ಮೆತ್ತನೆಯ ಅಕ್ರಿಲಿಕ್ ನೂಲೇ ಸರಿಯೆಂದಾಯಿತು. ಬಾಣಂತಿಯರ ಹೆಗಲಿಗೆ ಹೊದೆಯುವ ಶಾಲುಗಳಿಗೆಂದು ದೊಡ್ಡಮ್ಮ ಆ ಮಹಿಳೆಯ ಕೈಯಿಂದಲೇ ಎರಡು ಕಿಲೋ ಉಣ್ಣೆಯನ್ನು ಕೊಂಡರು. ಎಂದೂ ಚೌಕಾಸಿ ಬಿಡದ ಅವರು ಅಂದು ಕೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟರು.

ಹೆಣಿಗೆಯ ಕಾರ್ಯ ಮುಂದಿನ ಶನಿವಾರ ಆರಂಭವಾಗುತ್ತದೆ. ಬಲ್ಲವರು ಕಡ್ಡಿಯೊಡನೆ ಬನ್ನಿ, ಅರಿಯದವರು ಕಲಿಯಲು ಬನ್ನಿ. ನಿಮ್ಮ ತಾಯಿ, ಅಜ್ಜಿಯರು ಹೆಣಿಗೆಯನ್ನೋ ನೂಲುವುದನ್ನೋ ಯಾರಿಂದ, ಯಾವ ಸಂದರ್ಭದಲ್ಲಿ ಕಲಿತರೆಂಬುದನ್ನು ಬರೆದು ತಂದರೆ ಇನ್ನೂ ಸಂತೋಷ. ಅಂಥ ಸಂಗತಿಗಳು ಯಾವ ದಫ್ತರದಲ್ಲಿಯೂ ಸಿಗುವುದಿಲ್ಲ. ಕೇಳಬೇಕಾದವರು ಇರುವಾಗಲೇ ಕೇಳಿಕೊಳ್ಳಬೇಕು.