ರಾಜರು ಕೊಳ್ಳದ ರಾಜರ ಕಾರು

ಹಳೆಯ ಕಾಲದ ದುಬಾರಿ ಕಾರುಗಳ ಮಾತು ಬಂದರೆ ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗುವುದು ರೋಲ್ಸ್ ರಾಯ್ಸ್. ಅದು ಹೈದರಾಬಾದಿನ ನಿಜಾಮರ ಬಳಿ ಇತ್ತು, ಮೈಸೂರು ಅರಮನೆಯಲ್ಲೂ ಇತ್ತು. ಆದರೆ ರಾಜರಿಗೆಂದೇ ತಯಾರಾಗಿ, ಹೆಸರಿನಲ್ಲೂ ರಾಜತ್ವವನ್ನು ಹೊತ್ತು, ಕೊನೆಗೆ ಒಬ್ಬನೇ ಒಬ್ಬ ರಾಜನೂ ಕೊಳ್ಳದೆ ಉಳಿದ ಕಾರೊಂದಿದೆ. ಅದೇ ಬುಗಾಟಿ ರೊಯಾಲ್.

ಎತ್ತೋರೆ ಬುಗಾಟಿ ಇಟಲಿಯ ಮಿಲಾನಿನಲ್ಲಿ ಹುಟ್ಟಿದವನು. ಅಲ್ಸಾಸ್ ಪ್ರಾಂತ್ಯದ ಮೋಲ್ಸೈಮ್ ಎಂಬ ಊರಿನಲ್ಲಿ 1909ರಲ್ಲಿ ಕಾರ್ಖಾನೆ ತೆರೆದ. ಆಗ ಆ ಊರು ಜರ್ಮನಿಯಲ್ಲಿತ್ತು. ಮೊದಲ ಮಹಾಯುದ್ಧ ಮುಗಿದಾಗ ಫ್ರಾನ್ಸಿಗೆ ಸೇರಿತ್ತು. ಕಾರ್ಖಾನೆ ನಿಂತಲ್ಲೇ ನಿಂತಿತ್ತು, ದೇಶ ಮಾತ್ರ ಬದಲಾಗಿತ್ತು. ರೇಸಿನ ಕಾರುಗಳಿಂದ ಹೆಸರು ಮಾಡಿದ ಈತನಿಗೆ 1920ರ ದಶಕದಲ್ಲಿ ಜಗತ್ತಿನ ಎಲ್ಲ ಕಾರುಗಳನ್ನೂ ಮೀರಿಸುವ ಒಂದು ಕಾರನ್ನು ಮಾಡುವ ಹಂಬಲ ಹುಟ್ಟಿತು. ಹಾಗೆ ತಯಾರಾದ ರೊಯಾಲ್ ಆರು ಮೀಟರಿಗೂ ಹೆಚ್ಚು ಉದ್ದವಿತ್ತು, ಮೂರು ಟನ್ನಿನಷ್ಟು ತೂಗುತ್ತಿತ್ತು. ಅದರ ಎಂಜಿನ್ ಒಂದೇ ಸಾಲಿನ ಎಂಟು ಸಿಲಿಂಡರುಗಳದು, 12.7 ಲೀಟರಿನದು. ಒಂದು ಲೀಟರಿಗೂ ಕಡಿಮೆ ಎಂಜಿನ್ನಿನ ಮಾರುತಿ 800ರಲ್ಲಿ ಸಂಸಾರ ಸಮೇತ ಊರು ಸುತ್ತಿದ ನಮ್ಮಂಥವರಿಗೆ ಆ ಗಾತ್ರ ಊಹೆಗೂ ಸಿಗುವುದಿಲ್ಲ. ರೇಡಿಯೇಟರಿನ ಮೇಲೆ ಸೊಂಡಿಲೆತ್ತಿ ನಿಂತ ಪುಟ್ಟ ಆನೆ. ಅದನ್ನು ರೂಪಿಸಿದ್ದು ಎತ್ತೋರೆಯ ತಮ್ಮ, ಶಿಲ್ಪಿ ರೆಂಬ್ರಾಂಟ್ ಬುಗಾಟಿ. ತಮ್ಮ 1916ರಲ್ಲೇ ಪ್ಯಾರಿಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಅಣ್ಣ ಅವನ ಆನೆಯನ್ನು ತನ್ನ ಕನಸಿನ ಕಾರಿನ ನೆತ್ತಿಯಲ್ಲಿ ಕೂರಿಸಿದ.

25 ಕಾರುಗಳನ್ನು ಮಾಡುವ ಯೋಜನೆಯಿತ್ತು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂತು. ಸ್ಪೇನಿನ ದೊರೆ ಅಲ್ಫೊನ್ಸೊ ಕೊಳ್ಳುತ್ತಾನೆಂಬ ಮಾತಿತ್ತು. 1931ರಲ್ಲಿ ಅವನೇ ದೇಶ ಬಿಡಬೇಕಾಯಿತು. ಅಲ್ಬೇನಿಯಾದ ದೊರೆ ಜೋಗ್‌ಗೆ ಊಟದ ಮೇಜಿನ ರೀತಿ ರಿವಾಜು ತಿಳಿಯದೆಂದು ಎತ್ತೋರೆಯೇ ಕಾರು ಕೊಡಲು ಒಪ್ಪಲಿಲ್ಲವೆಂದು ಒಂದು ಕಥೆಯನ್ನು ಕಾರುಪ್ರಿಯರು ಇಂದಿಗೂ ಹೇಳುತ್ತಾರೆ. ಗಿರಾಕಿಯೇ ಸಿಗದ ವ್ಯಾಪಾರಿಯ ಸುತ್ತ ಇಂಥ ಕಥೆಗಳು ಹುಟ್ಟಿಕೊಳ್ಳುವುದು ಹೊಸತೇನಲ್ಲ. ಆ ಜೋಗ್ ಕೂಡ 1939ರಲ್ಲಿ ಇಟಲಿಯ ಸೈನ್ಯ ನುಗ್ಗಿದಾಗ ದೇಶ ಬಿಟ್ಟು ಓಡಿದ.

ಕೊನೆಗೆ ಮಾರಾಟವಾದದ್ದು ಮೂರೇ. ಮೊದಲನೆಯದನ್ನು 1932ರಲ್ಲಿ ಕೊಂಡವನು ಅರ್ಮಾಂ ಎಸ್ದೆರ್ಸ್ ಎಂಬ ಬಟ್ಟೆ ವ್ಯಾಪಾರಿ. ರಾತ್ರಿ ಕಾರು ಓಡಿಸುವುದಿಲ್ಲ ಎಂದು ಹೇಳಿ ಹೆಡ್‌ಲೈಟೇ ಇಲ್ಲದ ತೆರೆದ ಕಾರನ್ನು ಮಾಡಿಸಿಕೊಂಡ. ಎತ್ತೋರೆಯ ಮಗ ಜ್ಯಾಂ ರೂಪಿಸಿದ ಆ ಚೆಲುವಾದ ಬಾಡಿಯನ್ನು ಮುಂದಿನ ಮಾಲೀಕರು ತೆಗೆಸಿ ಬೇರೆಯದನ್ನು ಕೂರಿಸಿದರು. ಹೀಗಾಗಿ ಛಾವಣಿಯನ್ನು ಪೂರ್ತಿ ಮಡಚಬಹುದಾದ ಮೂಲ ರೊಯಾಲ್ ಎಂದು ಇಂದು ಉಳಿದಿರುವುದು ಒಂದೇ ಒಂದು. ಅದು ಜರ್ಮನಿಯ ನ್ಯೂರೆಂಬರ್ಗಿನ ಹೆರಿಗೆ ಡಾಕ್ಟರ್ ಯೋಸೆಫ್ ಫುಕ್ಸ್ ಅವರದ್ದು.

ಡಾಕ್ಟರರು ಮ್ಯೂನಿಕ್ಕಿನ ವೈನ್‌ಬೆರ್ಗರ್ ಎಂಬ ಬಾಡಿ ಕಟ್ಟುವವರಲ್ಲಿ ಕಪ್ಪು ಹಳದಿ ಬಣ್ಣದ, ಮಡಚುವ ಹುಡ್ ಇರುವ ಬಾಡಿ ಕಟ್ಟಿಸಿದರು. 1932ರಲ್ಲಿ ಕಾರು ಕೈಗೆ ಬಂತು. ಮರುವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದ. ಡಾಕ್ಟರರು ಜರ್ಮನಿ ಬಿಟ್ಟರು. ಮೊದಲು ಸ್ವಿಟ್ಜರ್ಲೆಂಡಿಗೆ, ಅಲ್ಲಿಂದ ದೂರದ ಶಾಂಘೈಗೆ, ಸುಮಾರು 1937ರ ಹೊತ್ತಿಗೆ ನ್ಯೂಯಾರ್ಕಿಗೆ. ಕಾರೂ ಅವರೊಂದಿಗೇ ಸಮುದ್ರ ದಾಟಿತು.

ಊರು ಬಿಡುವವರು ಏನನ್ನು ಒಯ್ಯುತ್ತಾರೆ? ದೇಶ ವಿಭಜನೆಯ ಕಾಲದ ಉರ್ದು ಕಥೆಗಳನ್ನು ಓದಿ ಬೆಳೆದ ನಮಗೆ ಈ ಪ್ರಶ್ನೆ ಹಳೆಯದು. ಬೀಗದ ಕೈ, ಮನೆಯ ಪತ್ರ, ಒಂದಿಷ್ಟು ಒಡವೆ. ಮೂರು ಟನ್ನಿನ ಕಾರನ್ನು ಯಾರು ಒಯ್ಯುತ್ತಾರೆ? ನಮ್ಮ ಕನ್ನಡದ ‘ಶೋಕಿ’ ಎಂಬ ಪದ ‘ಶೌಕ್’ನಿಂದ ಬಂದದ್ದು. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಆಡಂಬರವಾಯಿತು. ಮೂಲದಲ್ಲಿ ಅದರ ಅರ್ಥ ಹಂಬಲ, ತೀರದ ಆಸೆ. ರಾಜರಿಗೆಂದು ಮಾಡಿದ ಈ ಕಾರು ಹುಟ್ಟುವಾಗ ಶೋಕಿಯ ವಸ್ತುವೇ ಆಗಿತ್ತೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಶಾಂಘೈ ಬಂದರಿನಲ್ಲಿ ಕ್ರೇನಿನಿಂದ ಇಳಿದ ಆ ಕಪ್ಪು ಹಳದಿ ಕಾರಿನಲ್ಲಿ ಶೋಕಿಯ ಪಾಲು ಎಷ್ಟು ಉಳಿದಿದ್ದೀತು? ತನ್ನ ಊರಿನಲ್ಲಿ ತಾನು ಯಾರಾಗಿದ್ದೆ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗಿದ್ದಿರಬೇಕು ಎಂದು ನಮಗನಿಸುತ್ತದೆ.

ನ್ಯೂಯಾರ್ಕಿನ ಚಳಿ ಅದನ್ನು ಮುಗಿಸಿತು. ಎಂಜಿನ್ನಿನೊಳಗೆ ಉಳಿದಿದ್ದ ನೀರು ಹೆಪ್ಪುಗಟ್ಟಿ ಹಿಗ್ಗಿ, ಸಿಲಿಂಡರ್ ಬ್ಲಾಕ್ ಬಿರುಕು ಬಿಟ್ಟಿತು. ರಿಪೇರಿ ಮಾಡಬಲ್ಲ ಕಾರ್ಖಾನೆ ಸಮುದ್ರದಾಚೆ ಇತ್ತು. ಕಾರು ಬ್ರಾಂಕ್ಸಿನ ಗುಜರಿ ಸೇರಿತು. ಯುದ್ಧಕಾಲದ ಅಮೆರಿಕದಲ್ಲಿ ಹಳೆ ಕಬ್ಬಿಣವನ್ನೆಲ್ಲ ಕರಗಿಸುತ್ತಿದ್ದ ದಿನಗಳವು. 1943ರಲ್ಲಿ ಬ್ಯೂಕ್ ಕಂಪೆನಿಯ ಮುಖ್ಯ ಎಂಜಿನಿಯರ್ ಚಾರ್ಲ್ಸ್ ಚೇಯ್ನ್ ಅದನ್ನು ಸುಮಾರು 400 ಡಾಲರಿಗೆ ಕೊಂಡರು. ಯುದ್ಧ ಮುಗಿದ ಮೇಲೆ ಎಂಜಿನ್ ಸರಿಪಡಿಸಿದರು, ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ನಾಲ್ಕು ಜೋಡಿಸಿದರು.

ಅತ್ತ ಮೋಲ್ಸೈಮಿನಲ್ಲಿ ಮಾರಾಟವಾಗದೆ ಉಳಿದ ಎಂಜಿನ್ನುಗಳಿಗೆ ಎತ್ತೋರೆ ಬೇರೆ ದಾರಿ ಕಂಡುಕೊಂಡಿದ್ದ. ಒಂದೊಂದು ಬಂಡಿಗೆ ಎರಡು ಅಥವಾ ನಾಲ್ಕು ಎಂಜಿನ್ ಕೂರಿಸಿ ಫ್ರೆಂಚ್ ರೈಲ್ವೆಗೆ ರೈಲುಬಂಡಿಗಳನ್ನು ಕಟ್ಟಿಕೊಟ್ಟ. ದೊರೆಗಳಿಗೆಂದು ಮಾಡಿದ ಎಂಜಿನ್ ಟಿಕೆಟ್ ಕೊಂಡ ಜನರನ್ನು ಹೊತ್ತು ಓಡಿತು. ಈ ಕಥೆಯಲ್ಲಿ ನಮಗೆ ಬಹಳ ಹಿಡಿಸುವ ಭಾಗವಿದು. ಕಾರುಪ್ರಿಯರು ಮಾತ್ರ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. 1939ರಲ್ಲಿ ಮಗ ಜ್ಯಾಂ ಕಾರಿನ ಪರೀಕ್ಷೆ ಮಾಡುವಾಗ ಅಪಘಾತದಲ್ಲಿ ಸತ್ತ. 1947ರಲ್ಲಿ ಎತ್ತೋರೆಯೂ ತೀರಿಕೊಂಡ. 1950ರಲ್ಲಿ ಬುಗಾಟಿ ಕುಟುಂಬ ತನ್ನ ಬಳಿ ಉಳಿದಿದ್ದ ರೊಯಾಲ್‌ಗಳಲ್ಲಿ ಎರಡನ್ನು ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್‌ಗೆ ಮಾರಿತು. ಕೊಟ್ಟ ಬೆಲೆಯಲ್ಲಿ ಹಣದ ಜೊತೆಗೆ ರೆಫ್ರಿಜರೇಟರುಗಳೂ ಸೇರಿದ್ದವಂತೆ. ಯುದ್ಧದಿಂದ ಬಡವಾಗಿದ್ದ ಫ್ರಾನ್ಸಿನಲ್ಲಿ ಅವು ಸುಲಭವಾಗಿ ಸಿಗುತ್ತಿರಲಿಲ್ಲ. ಆ ಎರಡರಲ್ಲಿ ಒಂದು 1987ರಲ್ಲಿ ಲಂಡನ್ನಿನ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಹೋಯಿತು. ಜಗತ್ತಿನಲ್ಲಿ ಆರೇ ಆರು ಉಳಿದಿವೆ ಎಂಬುದಕ್ಕೆ ತೆತ್ತ ಬೆಲೆಯದು. ಆರೇ ಉಳಿದದ್ದೇಕೆಂದರೆ ಅಂದು ಯಾರಿಗೂ ಬೇಕಾಗಿರಲಿಲ್ಲ.

ಡಾಕ್ಟರರ ಕಾರು ಹರಾಜಿಗೆ ಬರಲಿಲ್ಲ. ಅಷ್ಟರಲ್ಲಿ ಜನರಲ್ ಮೋಟರ್ಸಿನ ಉಪಾಧ್ಯಕ್ಷರಾಗಿದ್ದ ಚೇಯ್ನ್, 1950ರ ದಶಕದ ಕೊನೆಯಲ್ಲಿ ಪತ್ನಿಯೊಂದಿಗೆ ಅದನ್ನು ದಾನ ಮಾಡಿದರು. ಅದೂ ಎದುರಾಳಿ ಹೆನ್ರಿ ಫೋರ್ಡ್ ಹೆಸರಿನ ಮ್ಯೂಸಿಯಮ್ಮಿಗೆ. ಮಿಶಿಗನ್ನಿನ ಡಿಯರ್‌ಬಾರ್ನಿನಲ್ಲಿ ಅದು ಈಗಲೂ ಇದೆ. ನ್ಯೂರೆಂಬರ್ಗಿನಲ್ಲಿ ಡಾಕ್ಟರರು ಆರಿಸಿದ್ದ ಕಪ್ಪು ಹಳದಿ ಬಣ್ಣ ಅದರ ಮೇಲಿಲ್ಲ. ಚೇಯ್ನ್ ಬಳಿಸಿದ ಬಿಳಿ ಬಣ್ಣವೇ ಇದೆ, ಅಂಚಿನಲ್ಲಿ ಹಸಿರು.