ವಯಸ್ಕರ ಶಿಕ್ಷಣ: ಒಂದು ಚರಿತ್ರೆ, ಒಂದು ಅನುಭವ

ಮಕ್ಕಳಿಗೆ ಅಕ್ಷರ ಕಲಿಸುವ ಕ್ರಮವನ್ನು ಶಿಕ್ಷಕರ ತರಬೇತಿಯಲ್ಲಿ ನಾವೆಲ್ಲರೂ ಅಭ್ಯಾಸ ಮಾಡಿದ್ದೇವೆ. ಆದರೆ ಮೊಮ್ಮಕ್ಕಳನ್ನು ಕಂಡವರು ಎದುರಿಗೆ ಬಂದು ಕುಳಿತಾಗ ಆ ಕ್ರಮವು ಸಾಲುವುದೇ?

ಈ ಪ್ರಶ್ನೆ ಹೊಸತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ 1912–1918ರ ಅವಧಿಯಲ್ಲಿಯೇ ವಯಸ್ಕರಿಗೆ ಅಕ್ಷರ ಕಲಿಸುವ ಪ್ರಯತ್ನ ನಡೆದಿತ್ತು. 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಆ ಕಾರ್ಯವನ್ನು ವ್ಯವಸ್ಥಿತವಾಗಿ ಕೈಗೊಂಡಿತು. ಓದಲು ಏನೂ ಇಲ್ಲದಿದ್ದರೆ ಕಲಿತ ಅಕ್ಷರ ಮಾಸಿಹೋಗುತ್ತದೆ. ಆದುದರಿಂದ ಹೊಸ ಓದುಗರ ಕೈಗೆ ‘ಬೆಳಕು’ ಪತ್ರಿಕೆಯನ್ನು ಕೊಟ್ಟುದು ಸಮಿತಿಯ ವಿವೇಕವೇ ಸರಿ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. ತಮಿಳುನಾಡಿನಲ್ಲಿ ಅದು ‘ಅರಿವೊಳಿ’ ಎಂಬ ಹೆಸರಿನಿಂದ ಊರೂರನ್ನು ಮುಟ್ಟಿತು. 1990ರ ದಶಕದ ಆದಿಯಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ಹೆಂಗಸರು ಅಕ್ಷರದೊಡನೆ ಸೈಕಲ್ ಸವಾರಿಯನ್ನೂ ಕಲಿತರು. 2022ರಿಂದ 15 ವರ್ಷ ಮೀರಿದ ನಿರಕ್ಷರರಿಗಾಗಿ ಸ್ವಯಂಸೇವಕರ ಮೂಲಕ ಹೊಸ ಯೋಜನೆಯೊಂದು ನಡೆದಿದೆ.

ನಮ್ಮ ತೇವಾರಂ ಪಶ್ಚಿಮ ಘಟ್ಟದ ತಪ್ಪಲಿನ ಊರು. ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಒಕ್ಕಲು ಮಕ್ಕಳು ತಲೆಮಾರುಗಳಿಂದ ಇದ್ದಾರೆ. ಮಧುರೆ ಸೀಮೆಯ ಈ ಕನ್ನಡಿಗರನ್ನು ಎಡ್ಗರ್ ಥರ್ಸ್ಟನ್ನರು 1909ರ ತಮ್ಮ ಗ್ರಂಥದಲ್ಲಿಯೇ ಗುರುತಿಸಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಲಿಪಿ ನಮಗೆ ಉಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಸಂಜೆಯ ತರಗತಿಯೊಂದರಲ್ಲಿ ನಾನು ಹಿರಿಯರಿಗೆ ತಮಿಳು ಅಕ್ಷರ ಕಲಿಸುತ್ತಿದ್ದೆ. ಬಂದವರಲ್ಲಿ ಹೆಚ್ಚಿನವರು ಮಲೆಯ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸರು. ಮಕ್ಕಳಿಗೆ ಮಾಡಿಸುವಂತೆಯೇ ಮೊದಲಕ್ಷರವನ್ನು ಹತ್ತು ಸಲ ಬರೆಯಿಸಿದೆ. ಒಬ್ಬ ಅವ್ವ ತಪ್ಪು ಬರೆದಾಗ, ‘ಮೊಮ್ಮಗಳೇ ವಾಸಿ’ ಎಂದು ನಕ್ಕುಬಿಟ್ಟೆ. ಮರುದಿನ ಆಕೆ ಬರಲಿಲ್ಲ. ದಣಿವಿರಬೇಕೆಂದು ನಾನು ಸುಮ್ಮನಾದೆ.

ಅದೇ ವರ್ಷ ನಾನು ಕನ್ನಡ ಲಿಪಿ ಕಲಿಯತೊಡಗಿದೆ. ತಮಿಳಿನಲ್ಲಿ ಕ, ಖ, ಗ, ಘಗಳಿಗೆಲ್ಲ ಒಂದೇ ಅಕ್ಷರ, ಕನ್ನಡದಲ್ಲಿ ನಾಲ್ಕು. ‘ಗಿಡ’ ಎಂಬಲ್ಲಿ ‘ಕಿಡ’ ಎಂದು ಬರೆದೆ. ಹೊಸೂರಿನಿಂದ ಬಂದಿದ್ದ ನೆಂಟರ ಬಾಲಕನೊಬ್ಬ ಕೈತಟ್ಟಿ ನಕ್ಕನು. ಮಗು ನಕ್ಕಿತೆಂದು ತಿಳಿದೂ ನನ್ನ ಮುಖ ಬಿಸಿಯಾಯಿತು, ಪುಸ್ತಕವನ್ನು ಮುಚ್ಚಿಟ್ಟೆ. ಆಗ ಆ ಅವ್ವನ ನೆನಪಾಯಿತು.

ಆಕೆಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಆಕೆ ಕೂಲಿಯ ಚೀಟಿಯನ್ನು ತಂದು ಮುಂದಿಟ್ಟು, ‘ಇದರಾಗೆ ನನ್ನ ಹೆಸರು ಎಲ್ಲಿ ಐತೆ, ಅದ ಮೊದಲು ತೋರಿಸು ಮೇಷ್ಟ್ರೇ’ ಎಂದರು. ಅಂದಿನಿಂದ ಅಕ್ಷರಮಾಲೆಯನ್ನು ಹಿಂದಿಟ್ಟು, ಅವರವರ ಹೆಸರು, ಕೆಲಸದ ದಿನ, ಕೂಲಿಯ ಮೊತ್ತ ಇವುಗಳಿಂದ ಪಾಠ ತೊಡಗಿದೆ. ತಿಂಗಳುಗಳ ತರುವಾಯ ಆ ಅವ್ವ ತಮ್ಮ ಚೀಟಿಯಲ್ಲಿ ಒಂದು ದಿನದ ಲೆಕ್ಕ ಬಿಟ್ಟುಹೋದುದನ್ನು ತಾವೇ ಕಂಡುಹಿಡಿದರು.

ವಯಸ್ಕನು ಬರಿದಾದ ಹಲಗೆಯಲ್ಲ. ಬೆಳೆ, ಮಳೆ, ಲೆಕ್ಕ, ಲೋಕವ್ಯವಹಾರ ಎಲ್ಲವನ್ನೂ ಬಲ್ಲವನು. ಅಕ್ಷರವೊಂದನ್ನು ಮಾತ್ರ ಅರಿಯನು. ಕಲಿಸುವವನು ಆಗಾಗ ತಾನೂ ಹೊಸತೊಂದನ್ನು ಕಲಿಯುತ್ತಿದ್ದರೆ ಈ ಮಾತು ಮರೆತುಹೋಗದು. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರು ತಡವರಿಸಿ ಓದಿದರೆ ನಗಬೇಡಿರಿ. ಪಕ್ಕದಲ್ಲಿ ಕುಳಿತು ಮುಂದಿನ ಪದವನ್ನು ತೋರಿಸಿರಿ.